ಶನಿವಾರ ಆನ್ ಆರ್ಬರ್‌ನಲ್ಲಿ ಗೆಲ್ಲೋದು ಯಾರು? ಒಹಾಯೊ ಸ್ಟೇಟ್ – ಮಿಷಿಗನ್, ನವೆಂಬರ್ 29, 2025

ಆನ್_ಆರ್ಬರ್_ಹಳಬ (ಸೋಮವಾರ)

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ 12ಕ್ಕೆ ಒಹಾಯೊ ಸ್ಟೇಟ್, ಮಿಷಿಗನ್ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಆಟ. ಈ ಸಲ ನಮ್ಮ ಮಿಷಿಗನ್ ಸ್ಟೇಡಿಯಂನಲ್ಲಿ. ಎಂದಿನಂತೆ ಲೆಕ್ಕಾಚಾರದ ಚರ್ಚೆ ನಾನೇ ಶುರು ಮಾಡ್ತಿದ್ದೇನೆ.

ನಾನು ಓದಿದ್ದು ಮಿಷಿಗನ್‌ನಲ್ಲಿ. ಮನಸ್ಸು ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ಆದರೂ ಈ ಚರ್ಚೆಯಲ್ಲಿ ಆಸೆ ಬೇರೆ, ಅಂದಾಜು ಬೇರೆ ಅಂತ ಇಟ್ಟುಕೊಳ್ಳೋಣ. ಬರೀ "ನಮ್ಮವರೇ ಗೆಲ್ತಾರೆ" ಅಂದರೆ ಓದುವವರಿಗೆ ಏನೂ ಸಿಗಲ್ಲ. ಯಾಕೆ ಗೆಲ್ತಾರೆ ಅಂತ ಬರೀರಿ.

ನನ್ನ ಮಾತು ಇಷ್ಟು. ಈ ಆಟದ ಭವಿಷ್ಯ ಹೇಳೋಕೆ ರ‍್ಯಾಂಕಿಂಗ್ ನೋಡಬೇಡಿ, ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಹೆಸರನ್ನೂ ನೋಡಬೇಡಿ. ಎರಡೂ ಕಡೆಯ ಲೈನ್ ನೋಡಿ. ಚೆಂಡಿನ ಎದುರು ಮುಖಾಮುಖಿ ಬಗ್ಗಿ ಕೂರ್ತಾರಲ್ಲ, ಆ ದಪ್ಪ ಹುಡುಗರು. ಅವರಲ್ಲಿ ಯಾರು ಯಾರನ್ನು ಹಿಂದೆ ತಳ್ತಾರೆ ಅನ್ನೋದೇ ನವೆಂಬರ್ ಕೊನೆಯ ಚಳಿಯಲ್ಲಿ ಎಲ್ಲವನ್ನೂ ತೀರ್ಮಾನ ಮಾಡುತ್ತೆ.

ಕಳೆದ ನಾಲ್ಕು ವರ್ಷ ಹಿಂದಕ್ಕೆ ನೋಡಿ. 2021ರಲ್ಲಿ ಮಿಷಿಗನ್ 42–27 ಗೆದ್ದಿತು. ಓಟದಲ್ಲಿ, ಅಂದರೆ ಚೆಂಡು ಹಿಡಿದು ಓಡಿ ಮುಂದೆ ಹೋಗಿದ್ದು, ಮಿಷಿಗನ್ 297 ಯಾರ್ಡ್, ಒಹಾಯೊ ಸ್ಟೇಟ್ 64. ನಮ್ಮ ಹಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು) ಹೊಡೆದ. 2022ರಲ್ಲಿ ಕೊಲಂಬಸ್‌ನಲ್ಲಿ 45–23, ಓಟ 252ಕ್ಕೆ 143. 2023ರಲ್ಲಿ 30–24, ಆವತ್ತೂ ಓಟದಲ್ಲಿ ಮಿಷಿಗನ್ ಮುಂದೆ. ಕಳೆದ ವರ್ಷ 13–10, ಓಟ 172ಕ್ಕೆ 77.

ಕಳೆದ ವರ್ಷದ ಆಟ ನೆನಪಿದೆಯಲ್ವಾ? ಮಿಷಿಗನ್ ಆರು ಗೆದ್ದು ಐದು ಸೋತು ಬಂದಿತ್ತು. ಒಹಾಯೊ ಸ್ಟೇಟ್ ಎರಡನೇ ರ‍್ಯಾಂಕ್. ಸುಮಾರು 20 ಪಾಯಿಂಟ್ ಅಂತರದಲ್ಲಿ ಗೆಲ್ತಾರೆ ಅಂತ ಎಲ್ಲರ ಲೆಕ್ಕ. ನಮ್ಮ ಕ್ವಾರ್ಟರ್‌ಬ್ಯಾಕ್ ಇಡೀ ಆಟದಲ್ಲಿ ಪಾಸ್ ಮಾಡಿ, ಅಂದರೆ ಚೆಂಡು ಎಸೆದು, ಗಳಿಸಿದ್ದು 62 ಯಾರ್ಡ್ ಮಾತ್ರ. ನಮ್ಮ ದೊಡ್ಡ ಆಟಗಾರರಾದ ವಿಲ್ ಜಾನ್ಸನ್, ಕೋಲ್ಸ್ಟನ್ ಲವ್‌ಲ್ಯಾಂಡ್ ಇಬ್ಬರೂ ಆಡಲಿಲ್ಲ. ಆದರೂ ಗೆದ್ದೆವು. ಯಾಕೆ? ನಮ್ಮ ಡಿಫೆನ್ಸ್ (ಎದುರಾಳಿಯನ್ನು ತಡೆಯೋರು) ಲೈನ್ ಮಧ್ಯದಲ್ಲಿ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ನಿಂತಿದ್ದರು. ಅವರನ್ನು ಯಾರೂ ಅಲ್ಲಾಡಿಸಲು ಆಗಲಿಲ್ಲ.

ಈಗ ಈ ವರ್ಷಕ್ಕೆ ಬನ್ನಿ. ಅವರಿಬ್ಬರೂ ಈಗ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿದ್ದಾರೆ. ಇಬ್ಬರೂ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ನಮ್ಮ ಮುಖ್ಯ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಜಸ್ಟಿಸ್ ಹೇನ್ಸ್ ಗಾಯದಿಂದ ಹೊರಗೆ. ಇನ್ನೊಬ್ಬ ರನ್ನಿಂಗ್ ಬ್ಯಾಕ್ ಜೋರ್ಡನ್ ಮಾರ್ಷಲ್ ಭುಜ ನೋಯಿಸಿಕೊಂಡು ಮೇರಿಲ್ಯಾಂಡ್ ಆಟ ತಪ್ಪಿಸಿಕೊಂಡ. ಎದುರಿಗೆ ಬರೋ ಒಹಾಯೊ ಸ್ಟೇಟ್ 11–0. ಯಾವ ತಂಡವೂ ಅವರ ಮೇಲೆ 16ಕ್ಕಿಂತ ಜಾಸ್ತಿ ಪಾಯಿಂಟ್ ಗಳಿಸಿಲ್ಲ.

ನನ್ನ ಅಂದಾಜು: ಒಹಾಯೊ ಸ್ಟೇಟ್ 24, ಮಿಷಿಗನ್ 13. ಬರೆಯೋಕೆ ಹೊಟ್ಟೆ ಉರಿಯುತ್ತೆ. ಆದರೆ ಲೈನ್ ಹೇಳ್ತಿರೋದು ಅದನ್ನೇ.

ಬಕೈ_ಕನ್ನಡಿಗ (ಸೋಮವಾರ)

ಹಳಬರೇ, ಆನ್ ಆರ್ಬರ್‌ನಿಂದ ಈ ಮಾತು ಕೇಳಿ ಕೊಲಂಬಸ್‌ನಲ್ಲಿ ಕೂತ ನನಗೆ ಧೈರ್ಯ ಬರಬೇಕಿತ್ತು. ಬರ್ತಿಲ್ಲ.

ನಮ್ಮ ಕ್ಯಾಂಪಸ್‌ನಲ್ಲಿ ಈ ವಾರ ಮಿಷಿಗನ್‌ನ 'ಎಂ' ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪ್ ಅಂಟಿಸಿದ್ದಾರೆ. ಪ್ರತಿ ವರ್ಷದ ಪದ್ಧತಿ. ಹೊರಗಿನವರಿಗೆ ಮಕ್ಕಳಾಟ ಅನ್ನಿಸಬಹುದು. ಒಳಗಿರುವವರಿಗೆ ಈ ನಾಲ್ಕು ಸೋಲು ಎಷ್ಟು ಭಾರ ಅಂತ ಗೊತ್ತು. ಕಳೆದ ವರ್ಷ ನಾವು ಟೆನೆಸೀ, ಆರೆಗನ್, ಟೆಕ್ಸಸ್, ನೋತ್ರ ಡೇಮ್ ನಾಲ್ಕನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದೆವು. ಆದರೂ ಊಟಕ್ಕೆ ಕೂತಾಗ ಜನ ಮಾತಾಡೋದು ಆ 13–10 ಬಗ್ಗೆ.

ನಮ್ಮ ಕೋಚ್ ರಯಾನ್ ಡೇ ಇದುವರೆಗೆ ಮಿಷಿಗನ್ ವಿರುದ್ಧ ಗೆದ್ದಿರೋದು 2019ರಲ್ಲಿ ಒಂದೇ ಸಲ. ಆಮೇಲೆ ನಾಲ್ಕು ಸೋಲು. ಬೇರೆಯವರ ವಿರುದ್ಧ ಅವರು ಸೋಲೋದೇ ಅಪರೂಪ. ಹಾಗಿದ್ದರೆ ಈ ಒಂದು ಆಟದಲ್ಲಿ ಏನಾಗುತ್ತೆ? ಕಳೆದ ವರ್ಷ ನಮ್ಮ ಹತ್ತಿರ ದೇಶದ ಅತಿ ಒಳ್ಳೆಯ ರಿಸೀವರ್‌ಗಳು (ಎಸೆದ ಚೆಂಡು ಹಿಡಿಯೋರು) ಇದ್ದರು. ಆದರೂ ಮತ್ತೆ ಮತ್ತೆ ಗ್ರಹಾಂ, ಗ್ರಾಂಟ್ ಇಬ್ಬರ ಮೈಮೇಲೇ ಓಡಿದೆವು. "ನಾವೂ ಗಟ್ಟಿ" ಅಂತ ತೋರಿಸೋ ಹಟ ಅದು. ಆ ಹಟ ಈ ಸಲವೂ ಬಂದರೆ ಸೋಲ್ತೀವಿ. ಅಂದಾಜು ಹೇಳೋಕೆ ಇನ್ನೂ ಮನಸ್ಸಾಗ್ತಿಲ್ಲ.

ಹೊಸ_ವಿದ್ಯಾರ್ಥಿನಿ (ಸೋಮವಾರ)

ನಾನು ಮೈಸೂರಿನವಳು. ಈ ಆಗಸ್ಟ್‌ನಲ್ಲಿ ಇಲ್ಲಿಗೆ ಎಂಎಸ್ ಮಾಡೋಕೆ ಬಂದೆ. ಟಿಕೆಟ್ ಸಿಕ್ಕಿದೆ. ಆಟ ಅರ್ಧಂಬರ್ಧ ಅರ್ಥವಾಗುತ್ತೆ. ಓಟಕ್ಕೆ ಯಾಕೆ ಇಷ್ಟು ಬೆಲೆ ಅಂತ ಯಾರಾದರೂ ಹೇಳ್ತೀರಾ? ಪಾಸ್ ಮಾಡಿದರೆ ಒಂದೇ ಸಲಕ್ಕೆ 40 ಯಾರ್ಡ್ ಸಿಗುತ್ತಲ್ಲ?

ಆನ್_ಆರ್ಬರ್_ಹಳಬ (ಸೋಮವಾರ)

ಒಳ್ಳೆ ಪ್ರಶ್ನೆ ತಂಗಿ. ಸರಳವಾಗಿ ಹೇಳ್ತೀನಿ.

ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ಹೊಸದಾಗಿ ನಾಲ್ಕು. ಆಗದಿದ್ದರೆ ಚೆಂಡು ಎದುರಾಳಿಗೆ. ಈಗ ಯೋಚನೆ ಮಾಡಿ. ಪ್ರತಿ ಸಲ ಓಡಿ ನಾಲ್ಕು ಯಾರ್ಡ್ ತರೋ ತಂಡಕ್ಕೆ ಮೂರೇ ಅವಕಾಶದಲ್ಲಿ 12 ಆಯ್ತು. ಆ ತಂಡದಿಂದ ಚೆಂಡು ಕಿತ್ತುಕೊಳ್ಳೋದು ಕಷ್ಟ. ಗಡಿಯಾರವೂ ಓಡ್ತಾ ಇರುತ್ತೆ. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತೆ, ಒಂದು ಅವಕಾಶ ಹಾಳು. ಎದುರಾಳಿ ಹಿಡಿದರೆ ಇನ್ನೂ ಕಷ್ಟ.

ಲೈನ್ ಅಂದರೆ ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿ ಅಂದುಕೊಳ್ಳಿ. ಒಂದು ಕೊಂಡಿ ಬಿಟ್ಟರೆ ರೈಡರ್ ದಾಟಿಬಿಡ್ತಾನೆ. ಚಳಿ, ಗಾಳಿ, ಹಿಮ ಇದ್ದಾಗ ಚೆಂಡು ಕಲ್ಲಿನಂತಾಗುತ್ತೆ, ಬೆರಳು ಮರಗಟ್ಟುತ್ತೆ. ಪಾಸ್ ಕಷ್ಟವಾಗುತ್ತೆ. ಆಗ ಓಟವೇ ಗತಿ. ಸ್ಟೇಡಿಯಂನಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಮೊದಲ ಎರಡು ಸೆಕೆಂಡ್ ಬರೀ ಲೈನ್ ನೋಡಿ. ಒಂದೇ ಕ್ವಾರ್ಟರ್‌ನಲ್ಲಿ (ಆಟದ ಕಾಲು ಭಾಗ) ನಿಮಗೇ ಗೊತ್ತಾಗುತ್ತೆ.

ಮತ್ತೆ, ಒಳಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿಕೊಂಡು ಹೋಗಿ. ಕೂರೋದು ತಣ್ಣಗಿನ ಲೋಹದ ಬೆಂಚಿನ ಮೇಲೆ. ಕೆಳಗೆ ಹಾಸೋಕೆ ಏನಾದರೂ ಇರಲಿ.

ಲೆಕ್ಕದ_ಮೇಷ್ಟ್ರು (ಮಂಗಳವಾರ)

ಹಳಬರ ಮಾತಿಗೆ ಒಂದು ತಕರಾರು. ಗೌರವದಿಂದಲೇ ಹೇಳ್ತಿದ್ದೇನೆ.

"ಜಾಸ್ತಿ ಓಡಿದವರು ಗೆಲ್ತಾರೆ" ಅನ್ನೋದು ಈ ಆಟದಲ್ಲಿ ಎಲ್ಲರ ಬಾಯಲ್ಲಿದೆ. ಅಂಕಿ ನಿಜ. ಆದರೆ ಕಾರಣ ತಲೆಕೆಳಗಾಗಿರಬಹುದು. ಮುಂದಿರೋ ತಂಡ ಗಡಿಯಾರ ಕಳೆಯೋಕೆ ಓಡುತ್ತೆ. ಹಿಂದಿರೋ ತಂಡ ಬೇಗ ಪಾಯಿಂಟ್ ಬೇಕು ಅಂತ ಪಾಸ್ ಮಾಡುತ್ತೆ. ಹಾಗಾಗಿ ಕೊನೆಗೆ ಕಾಗದದ ಮೇಲೆ ಗೆದ್ದವರ ಓಟ ಜಾಸ್ತಿ ಕಾಣುತ್ತೆ.

2022ನ್ನೇ ತಗೊಳ್ಳಿ. ಮೊದಲಾರ್ಧದಲ್ಲಿ ಮಿಷಿಗನ್ ಓಟ ನಡೆಯಲೇ ಇಲ್ಲ. ಅರ್ಧ ಮುಗಿದಾಗ ಒಹಾಯೊ ಸ್ಟೇಟ್ 20–17 ಮುಂದಿತ್ತು. ಆಟ ತಿರುಗಿಸಿದ್ದು ಮಿಷಿಗನ್ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ತಿಯ ಉದ್ದುದ್ದ ಪಾಸ್‌ಗಳು. ಕಾರ್ನೀಲಿಯಸ್ ಜಾನ್ಸನ್ 69 ಮತ್ತು 75 ಯಾರ್ಡ್‌ನ ಎರಡು ಟಚ್‌ಡೌನ್ ಹಿಡಿದ. ಡಾನವನ್ ಎಡ್ವರ್ಡ್ಸ್‌ನ 75 ಮತ್ತು 85 ಯಾರ್ಡ್‌ನ ಓಟಗಳು ಬಂದಿದ್ದು ಕೊನೆಯ ಕ್ವಾರ್ಟರ್‌ನಲ್ಲಿ. 252ರಲ್ಲಿ ಆ ಎರಡೇ ಓಟ 160 ಆಯ್ತು. ಇದನ್ನು "ಲೈನ್ ಗೆಲ್ಲಿಸಿತು" ಅನ್ನೋದು ಸರಿಯಲ್ಲ. ಎದುರಾಳಿಯ ಸೇಫ್ಟಿಗಳು (ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲೋರು) ಜಾಗ ಬಿಟ್ಟುಕೊಟ್ಟರು, ಅಷ್ಟೇ.

ಇನ್ನೊಂದು. ಒಳ್ಳೆ ಡಿಫೆನ್ಸ್ ಇದೆ ಅಂತ ನಂಬಿ ಕೂರಬೇಡಿ. 2018ರಲ್ಲಿ ಮಿಷಿಗನ್‌ಗೆ ದೇಶದಲ್ಲೇ ಗಟ್ಟಿ ಡಿಫೆನ್ಸ್ ಅನ್ನೋ ಹೆಸರಿತ್ತು. ನಾಲ್ಕನೇ ರ‍್ಯಾಂಕ್. ಮಿಷಿಗನ್ನೇ ಗೆಲ್ಲುತ್ತೆ ಅಂತ ಎಲ್ಲರೂ ಅಂದಿದ್ದರು. ಕೊಲಂಬಸ್‌ನಲ್ಲಿ 62 ಪಾಯಿಂಟ್ ಕೊಟ್ಟು ಬಂದರು. ಒಹಾಯೊ ಸ್ಟೇಟ್‌ನ ಡ್ವೇನ್ ಹ್ಯಾಸ್ಕಿನ್ಸ್ ಆರು ಟಚ್‌ಡೌನ್ ಪಾಸ್ ಎಸೆದ.

ನನ್ನ ಪ್ರಕಾರ ಈ ವರ್ಷದ ಪ್ರಶ್ನೆ ಎರಡೇ. ಒಹಾಯೊ ಸ್ಟೇಟ್ ರಿಸೀವರ್‌ಗಳಾದ ಜೆರಮಾಯಾ ಸ್ಮಿತ್, ಕಾರ್ನೆಲ್ ಟೇಟ್ ಇಬ್ಬರೂ ರಟ್ಗರ್ಸ್ ವಿರುದ್ಧ ಆಡಲಿಲ್ಲ. ಶನಿವಾರ ಆಡ್ತಾರಾ? ಎರಡನೆಯದು, ಮಿಷಿಗನ್ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್ ಮೊದಲ ವರ್ಷದ ಹುಡುಗ. ಮಿಷಿಗನ್ ಸೋತ ಎರಡೂ ಆಟದಲ್ಲಿ, ಓಕ್ಲಹೋಮಾ ಮತ್ತು ಯುಎಸ್‌ಸಿ ವಿರುದ್ಧ, ತಂಡ ಗಳಿಸಿದ್ದು ತಲಾ 13. ಗಟ್ಟಿ ಡಿಫೆನ್ಸ್ ಎದುರು ಆ ಹುಡುಗ 20 ದಾಟಿಸ್ತಾನಾ?

ಸ್ಮಿತ್, ಟೇಟ್ ಇಬ್ಬರೂ ಆಡಿದರೆ ಒಹಾಯೊ ಸ್ಟೇಟ್ 31–13. ಇಬ್ಬರೂ ಇಲ್ಲದಿದ್ದರೆ 17–16, ಯಾರು ಬೇಕಾದರೂ ಗೆಲ್ಲಬಹುದು.

ಹುಬ್ಬಳ್ಳಿ_ಟು_ಟೊಲೆಡೊ (ಮಂಗಳವಾರ)

ನಮ್ಮ ಊರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಈ ಜಗಳ ಶುರುವಾಗಿದ್ದೇ ಟೊಲೆಡೊಗಾಗಿ.

1835ರಲ್ಲಿ ಒಹಾಯೊ ರಾಜ್ಯ ಮತ್ತು ಆಗಿನ ಮಿಷಿಗನ್ ಪ್ರಾಂತ್ಯ ಎರಡೂ ಟೊಲೆಡೊ ಇರೋ ಈ ನೆಲದ ಪಟ್ಟಿ ನಮ್ಮದು ಅಂತ ಸೈನ್ಯ ತಂದು ನಿಲ್ಲಿಸಿದ್ದವು. ದೊಡ್ಡ ಯುದ್ಧವೇನೂ ನಡೆಯಲಿಲ್ಲ. ಕೊನೆಗೆ ಟೊಲೆಡೊ ಒಹಾಯೊಗೆ ಹೋಯ್ತು. ಮಿಷಿಗನ್‌ಗೆ ಬದಲಿಗೆ ಅಪ್ಪರ್ ಪೆನಿನ್ಸುಲಾ ಸಿಕ್ಕಿತು, 1837ರಲ್ಲಿ ರಾಜ್ಯವಾಯ್ತು. ಬೆಳಗಾವಿ ಗಡಿ ವಿಚಾರ ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈಗಲೂ ಇಲ್ಲಿ ಒಂದೇ ಬೀದಿಯಲ್ಲಿ ಎರಡೂ ಬಾವುಟ ಕಾಣುತ್ತೆ. ಒಂದೇ ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ.

ಇನ್ನೊಂದು ವಿಷಯ. ಮಿಷಿಗನ್‌ನ ದೊಡ್ಡ ಹೆಸರುಗಳಲ್ಲಿ ಎಷ್ಟೋ ಜನ ಒಹಾಯೊ ಮಣ್ಣಿನವರು. ಮಿಷಿಗನ್ ಕೋಚ್ ಆಗಿದ್ದ ಬೋ ಶೆಂಬೆಕ್ಲರ್ ಬಾರ್ಬರ್ಟನ್‌ನವರು. ಒಹಾಯೊ ಸ್ಟೇಟ್ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಕೆಲಸ ಕಲಿತವರು. 1991ರಲ್ಲಿ 93 ಯಾರ್ಡ್ ಪಂಟ್ ರಿಟರ್ನ್ (ಎದುರಾಳಿ ದೂರಕ್ಕೆ ಒದ್ದುಬಿಟ್ಟ ಚೆಂಡು ಹಿಡಿದು ಓಡೋದು) ಮಾಡಿದ ಡೆಸ್ಮಂಡ್ ಹೋವರ್ಡ್ ಕ್ಲೀವ್‌ಲ್ಯಾಂಡ್ ಹುಡುಗ. ಚಾರ್ಲ್ಸ್ ವುಡ್ಸನ್ ಫ್ರೀಮಾಂಟ್ ಹುಡುಗ. ಈಗಿನ ಜೋರ್ಡನ್ ಮಾರ್ಷಲ್ ಸಿನ್ಸಿನಾಟಿಯವನು. ತವರಿನ ವಿರುದ್ಧ ಆಡೋ ಹುಡುಗನ ಹೊಟ್ಟೆಯಲ್ಲಿರೋ ಕಿಚ್ಚು ಯಾವ ಅಂಕಿಯಲ್ಲೂ ಬರಲ್ಲ ಮೇಷ್ಟ್ರೇ.

ಮಾರ್ಷಲ್ ಭುಜ ಸರಿಹೋದರೆ ಮಿಷಿಗನ್ 20–17.

ಲೆಕ್ಕದ_ಮೇಷ್ಟ್ರು (ಮಂಗಳವಾರ)

ಕಿಚ್ಚು ಒಪ್ಪಿದೆ. ಆದರೆ ಕಿಚ್ಚು ಎರಡೂ ಕಡೆ ಇದೆಯಲ್ವಾ? ನಾಲ್ಕು ವರ್ಷ ಸೋತವರ ಕಿಚ್ಚನ್ನೂ ಲೆಕ್ಕಕ್ಕೆ ತಗೋಬೇಕು. ಈಗ ಕೊನೆಯ ವರ್ಷದಲ್ಲಿರೋ ಒಹಾಯೊ ಸ್ಟೇಟ್ ಹುಡುಗರು ಮಿಷಿಗನ್ ವಿರುದ್ಧ ಒಂದು ಗೆಲುವೂ ನೋಡಿಲ್ಲ. ಮಿಷಿಗನ್ ಸೋಲಿಸಿದ ವರ್ಷ ಆಟಗಾರರಿಗೆ ಕೊಡೋ ಚಿಕ್ಕ ಚಿನ್ನದ ಪ್ಯಾಂಟ್ ಪದಕ ಅವರ ಹತ್ತಿರ ಇಲ್ಲ. ಅದು 1934ರಿಂದ ಬಂದ ಪದ್ಧತಿ. ಚಾಂಪಿಯನ್‌ಶಿಪ್ ಉಂಗುರ ಇದೆ, ಆ ಪದಕ ಇಲ್ಲ.

ಬಕೈ_ಕನ್ನಡಿಗ (ಬುಧವಾರ)

ಮೇಷ್ಟ್ರು ನಮ್ಮ ಗಾಯ ಮುಟ್ಟಿದರು. ಹೌದು, ಆ ಪದಕ ಇಲ್ಲ.

ನನಗೆ ಭಯ ಹಳೆಯ ಕಥೆಗಳಿಂದ. 1969ರಲ್ಲಿ ನಾವು 22 ಆಟ ಸತತವಾಗಿ ಗೆದ್ದು ಆನ್ ಆರ್ಬರ್‌ಗೆ ಹೋದೆವು. ಬೋ ಆಗಷ್ಟೇ ಮಿಷಿಗನ್ ಕೋಚ್ ಆಗಿದ್ದರು. 24–12 ಸೋತೆವು. ಆಮೇಲೆ ಹತ್ತು ವರ್ಷ ಅವರಿಬ್ಬರ ಯುದ್ಧ ನಡೆಯಿತು. 1978ಕ್ಕೆ ಮುಗಿದಾಗ ಬೋ ಐದು, ವುಡಿ ನಾಲ್ಕು, ಒಂದು ಸಮ. 1993, 1995, 1996 ಮೂರೂ ವರ್ಷ ನಾವು ಒಂದೂ ಸೋಲಿಲ್ಲದೆ ಈ ಆಟಕ್ಕೆ ಬಂದೆವು. ಮೂರೂ ಸಲ ಸೋತೆವು. 1995ರಲ್ಲಿ ಮಿಷಿಗನ್‌ನ ಬಿಯಾಕಬುಟುಕ ನಮ್ಮ ಮೇಲೆ 313 ಯಾರ್ಡ್ ಓಡಿದ. ಆಗಿನ ನಮ್ಮ ಜಾನ್ ಕೂಪರ್ ಒಳ್ಳೆ ಕೋಚ್. ಆದರೆ ಮಿಷಿಗನ್ ವಿರುದ್ಧ ಎರಡು ಗೆಲುವು, ಹತ್ತು ಸೋಲು, ಒಂದು ಸಮ. ಜನ ಅವರನ್ನು ನೆನಪಿಟ್ಟುಕೊಂಡಿರೋದು ಆ ಲೆಕ್ಕದಿಂದಲೇ.

ಅಂದಮೇಲೆ "ಸೋಲಿಲ್ಲದ ತಂಡ" ಅನ್ನೋದಕ್ಕೆ ಈ ಆಟದಲ್ಲಿ ಬೆಲೆ ಕಡಿಮೆ.

ಆನ್_ಆರ್ಬರ್_ಹಳಬ (ಬುಧವಾರ)

ಬಕೈ ಅವರೇ, ಆ ಪಟ್ಟಿಯೂ ನನ್ನ ಮಾತನ್ನೇ ಹೇಳುತ್ತೆ. 313 ಯಾರ್ಡ್ ಓಟ! ಲೈನ್ ಅಲ್ಲದೆ ಇನ್ನೇನು?

ಮೇಷ್ಟ್ರ ತಕರಾರಿನಲ್ಲಿ ತೂಕ ಇದೆ. ಒಟ್ಟು ಯಾರ್ಡ್ ಅನ್ನೋದು ಆಟ ಮುಗಿದ ಮೇಲೆ ಬರೋ ಅಂಕಿ, ಮುಂಚೆ ನಮಗೆ ಸಿಗಲ್ಲ. ಅದಕ್ಕೇ ನಾನು ಅಂಕಿ ಬಿಟ್ಟು ಮನುಷ್ಯರನ್ನು ನೋಡಿ ಅಂತಿರೋದು. 2024ರಲ್ಲಿ ಕೊನೆಯವರೆಗೂ ಆಟ ಸಮ ಇತ್ತು. ಯಾರೂ ಗಡಿಯಾರ ಕಳೆಯೋಕೆ ಓಡಲಿಲ್ಲ. ನಮ್ಮ ಕೇಲೆಲ್ ಮಲಿಂಗ್ಸ್ 116 ಯಾರ್ಡ್ ಓಡಿದ್ದು ಆ ಬಿಗಿ ಆಟದಲ್ಲೇ. 45 ಸೆಕೆಂಡ್ ಉಳಿದಾಗ ನಮ್ಮ ಡಾಮಿನಿಕ್ ಝ್ವಾಡಾ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ಮಧ್ಯೆ ಒದ್ದು ಮೂರು ಪಾಯಿಂಟ್) ಹೊಡೆದ. ಅವನ ಕಾಲಿಗೆ ಆ ಜಾಗ ತಂದುಕೊಟ್ಟಿದ್ದು ಲೈನ್.

ಈ ಸಲ ಅವರ ಡಿಫೆನ್ಸ್ ನಡೆಸ್ತಿರೋದು ಮ್ಯಾಟ್ ಪ್ಯಾಟ್ರೀಷಿಯಾ. ಎನ್‌ಎಫ್‌ಎಲ್‌ನಲ್ಲಿ ಹೆಡ್ ಕೋಚ್ ಆಗಿದ್ದವರು, ಅದೂ ನಮ್ಮ ಡೆಟ್ರಾಯ್ಟ್‌ನಲ್ಲೇ. ಹಿಂದೆ ಕೇಲಬ್ ಡೌನ್ಸ್ ಅಂಥ ಸೇಫ್ಟಿ ಇದ್ದಾನೆ. 2022ರಲ್ಲಿ ಸಿಕ್ಕ ಖಾಲಿ ಜಾಗ ಈ ಸಲ ಸಿಗಲ್ಲ. ಹೀಗಾಗಿ ಅಂಡರ್‌ವುಡ್‌ಗೆ ದಾರಿ ಒಂದೇ. ತಾನೇ ಓಡಬೇಕು. ಬೆಲ್‌ವಿಲ್ ಹುಡುಗ, ಇಲ್ಲಿಂದ ಕೂಗಳತೆ ದೂರ. ಕಾಲಲ್ಲಿ ವೇಗ ಇದೆ. ನಮ್ಮ ಕೋಚ್‌ಗಳು ಅವನನ್ನು ಓಡಿಸೋಕೆ ಹಿಂಜರೀತಾರೆ. ಶನಿವಾರವೂ ಹಿಂಜರಿದರೆ 13 ಕೂಡ ಬರಲ್ಲ.

ರಾತ್ರಿ_ಪಾಳಿ (ಬುಧವಾರ)

ಬೆಂಗಳೂರಿನಿಂದ. ನಮಗೆ ಶನಿವಾರ ರಾತ್ರಿ 10:30ಕ್ಕೆ ಶುರು. ಕೊಲಂಬಸ್‌ನಲ್ಲಿ ಓದಿ ವಾಪಸ್ ಬಂದವನು ನಾನು. ಇಲ್ಲಿ ಜೊತೆಗೆ ಕೂತು ನೋಡೋಕೆ ಯಾರೂ ಇಲ್ಲ. ಅದಕ್ಕೇ ಈ ಚರ್ಚೆ ಒಂದಕ್ಷರ ಬಿಡದೆ ಓದ್ತೀನಿ.

ಒಂದು ಪ್ರಶ್ನೆ. ಈಗ ರಾಷ್ಟ್ರೀಯ ಚಾಂಪಿಯನ್ ಆರಿಸೋ ಪ್ಲೇಆಫ್‌ಗೆ 12 ತಂಡ. ಸೋತರೂ ಚಾಂಪಿಯನ್ ಆಗಬಹುದು ಅಂತ ಕಳೆದ ವರ್ಷ ಗೊತ್ತಾಯ್ತು. ಹಾಗಾದರೆ ಆಟಗಾರರು ಮೊದಲಿನಷ್ಟೇ ಜೀವ ಕೊಟ್ಟು ಆಡ್ತಾರಾ? ಅಂದಾಜು ಮಾಡುವಾಗ ಇದೂ ಬರಬೇಕಲ್ವಾ?

ಬಕೈ_ಕನ್ನಡಿಗ (ಬುಧವಾರ)

ಕಳೆದ ವರ್ಷ ಆಟ ಮುಗಿದ ಮೇಲೆ ಮಿಷಿಗನ್ ಹುಡುಗರು ನಮ್ಮ ಮೈದಾನದ ಮಧ್ಯೆ ಬಾವುಟ ನೆಡೋಕೆ ಹೋಗಿ ಹೊಡೆದಾಟ ಆಯ್ತು. ಪೊಲೀಸರು ಪೆಪ್ಪರ್ ಸ್ಪ್ರೇ ಹಾಕಿ ಬಿಡಿಸಬೇಕಾಯ್ತು. ನನಗೆ ಅದು ಇಷ್ಟವಾಗಲಿಲ್ಲ, ಯಾರಿಗೂ ಇಷ್ಟವಾಗಬಾರದು. ಆದರೆ ಆ ಹುಡುಗರಿಗೆ ಈ ಆಟ ಹಗುರವಾಗಿದೆ ಅಂತ ಮಾತ್ರ ಯಾರೂ ಹೇಳಲಾರರು.

ಚರ್ಚೆ ನಿರ್ವಾಹಕರು (ಗುರುವಾರ)

ಥ್ಯಾಂಕ್ಸ್‌ಗಿವಿಂಗ್ ಶುಭಾಶಯ. ಇಲ್ಲಿ ದುಡ್ಡಿನ ಪಂದ್ಯ ಕಟ್ಟೋ ಮಾತು ಬೇಡ. ಅಂತಹ ಎರಡು ಪೋಸ್ಟ್ ತೆಗೆದಿದ್ದೇವೆ. ಅಂದಾಜು ಹಾಕೋರು ಶುಕ್ರವಾರ ರಾತ್ರಿಯೊಳಗೆ ಹಾಕಿ.

ಹೊಸ_ವಿದ್ಯಾರ್ಥಿನಿ (ಶುಕ್ರವಾರ)

ಹಿಮ ಬೀಳುತ್ತೆ ಅಂತಿದ್ದಾರೆ. ಹಿಮ ಬಿದ್ದರೆ ಯಾರಿಗೆ ಲಾಭ?

ಹುಬ್ಬಳ್ಳಿ_ಟು_ಟೊಲೆಡೊ (ಶುಕ್ರವಾರ)

1950ರಲ್ಲಿ ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿಯಲ್ಲೇ ಆಡಿಸಿದರು. ಮಿಷಿಗನ್ ಒಂದೇ ಒಂದು ಫಸ್ಟ್ ಡೌನ್ ಕೂಡ ಮಾಡಲಿಲ್ಲ. ಅಂದರೆ ಒಂದು ಸಲವೂ ಓಡಿ, ಎಸೆದು 10 ಯಾರ್ಡ್ ದಾಟಲಿಲ್ಲ. ಆದರೂ 9–3 ಗೆದ್ದಿತು. ಎದುರಾಳಿಯ ಪಂಟ್‌ಗಳನ್ನು ತಡೆದು ಬಂದ ಪಾಯಿಂಟ್‌ಗಳು ಅವು. ಎರಡೂ ತಂಡ ಸೇರಿ 45 ಸಲ ಪಂಟ್ ಮಾಡಿದವು. ಹಿಮ ಬಿದ್ದರೆ ಕಡಿಮೆ ಬಲದವರಿಗೇ ಲಾಭ ತಂಗಿ. ಯಾಕಂದರೆ ಎಲ್ಲರೂ ಸಮ ಆಗಿಬಿಡ್ತಾರೆ. ನನ್ನ 20–17 ಬದಲಾಯಿಸಿ 16–13 ಮಾಡ್ತೀನಿ. ಮಿಷಿಗನ್ನೇ.

ಲೆಕ್ಕದ_ಮೇಷ್ಟ್ರು (ಶುಕ್ರವಾರ)

ಸಣ್ಣ ಹಿಮಕ್ಕೂ ಬಿರುಗಾಳಿಗೂ ತುಂಬಾ ವ್ಯತ್ಯಾಸ. ಜಾರೋ ನೆಲದಲ್ಲಿ ರಿಸೀವರ್‌ಗೆ ತಾನು ಎಲ್ಲಿ ತಿರುಗಬೇಕು ಅಂತ ಮೊದಲೇ ಗೊತ್ತಿರುತ್ತೆ, ಕಾಯೋನಿಗೆ ಗೊತ್ತಿರಲ್ಲ. ಎಡವೋದು ಕಾಯೋನೇ. ಗಾಳಿ ಜೋರಿಲ್ಲದಿದ್ದರೆ ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್‌ಗೆ ತೊಂದರೆಯಿಲ್ಲ. ಹತ್ತು ಪಾಸ್ ಎಸೆದರೆ ಎಂಟರಷ್ಟು ತಲುಪಿಸೋ ಹುಡುಗ. ನನ್ನ ಅಂದಾಜು ಬದಲಾಗಲ್ಲ.

ಬಕೈ_ಕನ್ನಡಿಗ (ಶುಕ್ರವಾರ)

ಸರಿ, ನಾನೂ ಬರೀತೀನಿ. ಒಹಾಯೊ ಸ್ಟೇಟ್ 20, ಮಿಷಿಗನ್ 10. ಮೊದಲ ಕ್ವಾರ್ಟರ್‌ನಲ್ಲಿ ನಾವು ಹಿಂದೆ ಬೀಳ್ತೀವಿ. ಆಗ ಏನು ಮಾಡ್ತೀವಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಬಕೈ_ಕನ್ನಡಿಗ (ಶನಿವಾರ, ಆಟದ ನಂತರ)

27–9, ಗೆದ್ದೆವು!!! ಆರು ವರ್ಷ ಆಯ್ತು. 2019ರ ನಂತರ ಮೊದಲ ಸಲ. ಬರೆಯೋಕೆ ಕೈ ನಡುಗ್ತಿದೆ. ಮೊದಲು 6–0 ಹಿಂದೆ ಬಿದ್ದಾಗ ಮನೆಯಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ ನಾಲ್ಕನೇ ಅವಕಾಶದಲ್ಲಿ ಸೇಯಿನ್ ಸ್ಮಿತ್‌ಗೆ ಎಸೆದ, 35 ಯಾರ್ಡ್ ಟಚ್‌ಡೌನ್. ಗಾಯವಾಗಿದ್ದ ಟೇಟ್ ಕೂಡ ಆಡಿದ, 50 ಯಾರ್ಡ್ ಟಚ್‌ಡೌನ್ ಹಿಡಿದ. ಈ ಸಲ ಹಟ ಇರಲಿಲ್ಲ. ಎಸೆಯಬೇಕಾದಲ್ಲಿ ಎಸೆದರು, ಓಡಬೇಕಾದಲ್ಲಿ ಓಡಿದರು.

ಲೆಕ್ಕದ_ಮೇಷ್ಟ್ರು (ಶನಿವಾರ)

ಅಭಿನಂದನೆ. ಸ್ಮಿತ್, ಟೇಟ್ ಇಬ್ಬರೂ ಇದ್ದದ್ದು ಎಲ್ಲ ವ್ಯತ್ಯಾಸ ಮಾಡಿತು. ಅಂಡರ್‌ವುಡ್ 18 ಪಾಸ್‌ನಲ್ಲಿ ಎಂಟು ತಲುಪಿಸಿ 63 ಯಾರ್ಡ್. ಮಿಷಿಗನ್‌ಗೆ ಒಂದೂ ಟಚ್‌ಡೌನ್ ಇಲ್ಲ, ಮೂರು ಫೀಲ್ಡ್ ಗೋಲ್ ಅಷ್ಟೇ.

ಆನ್_ಆರ್ಬರ್_ಹಳಬ (ಶನಿವಾರ)

ಬಕೈ ಅವರೇ, ಮನಸಾರೆ ಅಭಿನಂದನೆ. ನಿಮ್ಮ ಹುಡುಗರು ಚೆನ್ನಾಗಿ ಆಡಿದರು. ಇವತ್ತು ನನಗೆ ಊಟ ಸೇರಿಲ್ಲ.

ಮೇಷ್ಟ್ರೇ, ರಿಸೀವರ್‌ಗಳ ಮಾತು ಸರಿ. ಆದರೆ ದ್ವಿತೀಯಾರ್ಧ ಇನ್ನೊಂದು ಸಲ ನೋಡಿ. ಅವರ ರನ್ನಿಂಗ್ ಬ್ಯಾಕ್ ಬೋ ಜಾಕ್ಸನ್ ಇಡೀ ಆಟದಲ್ಲಿ 117 ಯಾರ್ಡ್ ಓಡಿದ. ನಮಗೆ ಚೆಂಡೇ ಸಿಗಲಿಲ್ಲ. ಹಿಮ ಬೀಳ್ತಾ ಇತ್ತು, ಅವರ ಲೈನ್ ಒಂದೊಂದೇ ಹೆಜ್ಜೆ ನಮ್ಮನ್ನು ಹಿಂದೆ ತಳ್ತಾ ಇತ್ತು. ಗ್ರಹಾಂ, ಗ್ರಾಂಟ್ ಇದ್ದಿದ್ದರೆ ಆ ಮೂರನೇ, ನಾಲ್ಕನೇ ಯಾರ್ಡ್ ಸಿಗ್ತಿರಲಿಲ್ಲ.

ಲೆಕ್ಕದ_ಮೇಷ್ಟ್ರು (ಶನಿವಾರ)

ಅಷ್ಟೊತ್ತಿಗೆ ಅವರು ಮುಂದಿದ್ದರು ಹಳಬರೇ. ಗಡಿಯಾರ ಕಳೆಯೋಕೆ ಓಡಿದರು.

ಹೊಸ_ವಿದ್ಯಾರ್ಥಿನಿ (ಶನಿವಾರ)

ನಾನು ಸ್ಟೇಡಿಯಂನಲ್ಲೇ ಇದ್ದೆ. ಹಳಬರು ಹೇಳಿದ ಹಾಗೆ ಪ್ರತಿ ಸಲ ಮೊದಲ ಎರಡು ಸೆಕೆಂಡ್ ಲೈನ್ ನೋಡಿದೆ. ಎರಡನೇ ಕ್ವಾರ್ಟರ್‌ನಿಂದಲೇ ನಮ್ಮವರು ಹಿಂದೆ ಹೋಗ್ತಿದ್ದದ್ದು ಕಾಣ್ತಿತ್ತು. ಆಗ ಅವರು ಇನ್ನೂ ದೊಡ್ಡ ಅಂತರದಲ್ಲಿ ಮುಂದಿರಲಿಲ್ಲ ಮೇಷ್ಟ್ರೇ.

ಮುಂದಿನ ವರ್ಷ ಕೊಲಂಬಸ್‌ನಲ್ಲಿ ಆಟ ಅಲ್ವಾ? ಆ ಸ್ಟೇಡಿಯಂನಲ್ಲಿ ಮಿಷಿಗನ್ ಬಣ್ಣ ಹಾಕಿಕೊಂಡು ಕೂರಬಹುದಾ?

ಬಕೈ_ಕನ್ನಡಿಗ (ಶನಿವಾರ)

ಧಾರಾಳವಾಗಿ ಬನ್ನಿ. ನಮ್ಮ ಮನೆಯಲ್ಲೇ ಉಳ್ಕೊಳ್ಳಿ, ಹೆಂಡತಿ ಬಿಸಿಬೇಳೆಬಾತ್ ಮಾಡ್ತಾಳೆ. ಅಂದಾಜು ಮಾತ್ರ ಒಂದು ವಾರ ಮುಂಚೆಯೇ ಇಲ್ಲಿ ಬರೆದಿಟ್ಟು ಬರಬೇಕು.